ಚದುರಂಗಕ್ಕೊಂದು ಕಂಪ್ಯೂಟರ್

ಇರಕಲ್ಲಗಡದಂಥ ಊರಿನಲ್ಲಿ ಮನೆಗೆ ಕಂಪ್ಯೂಟರ್ ತರುವುದೆಂದರೆ ಇಂದಿಗೂ ಎಮ್ಮೆ ಕೊಳ್ಳುವಷ್ಟೇ ಯೋಚಿಸಿ ಮಾಡುವ ಕೆಲಸ. ಕೈಗೆ ಬಂದ ದುಡ್ಡಿಗೆ ಹತ್ತು ದಾರಿಗಳು ಕಾದಿರುತ್ತವೆ. ಅದರಲ್ಲೂ ಕಂಪ್ಯೂಟರ್ ಬೇಕಾಗಿರುವುದು ಚದುರಂಗಕ್ಕೆ, ಕೇಳುತ್ತಿರುವವಳು ಹುಡುಗಿ ಎಂದರೆ ಮನೆಯ ಮಾತು ಓಣಿಯ ಮಾತಾಗುತ್ತದೆ. ನನ್ನ ಅಣ್ಣನ ಮಗಳ ವಿಷಯದಲ್ಲಿ ಆದದ್ದೂ ಹಾಗೆಯೇ.

ಒಂಬತ್ತನೆಯ ತರಗತಿಯ ಈ ಹುಡುಗಿ ಶಾಲೆಯಲ್ಲಿ ಆಟ ಕಲಿತು, ವರ್ಷದೊಳಗೆ ನನ್ನನ್ನೂ ಸೇರಿಸಿ ಊರಿನಲ್ಲಿ ಆಡುವವರನ್ನೆಲ್ಲ ಸೋಲಿಸಿದ್ದಳು. ಆಮೇಲೆ ಅವಳ ಎದುರಾಳಿ ಅಬ್ಬಾನ ಮೊಬೈಲು. ಅಣ್ಣ ಟೇಲರ್, ಗಿರಾಕಿಗಳ ಫೋನು ಬಂದಾಗಲೆಲ್ಲ ಅವಳ ಆಟ ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೆ ಅಣ್ಣ, "ಮೂವತ್ತೈದು ಸಾವಿರ ಕೂಡಿಟ್ಟೀನಿ, ನೀನೇ ನೋಡಿ ತಗೊಂಡು ಬಾ" ಎಂದ.

ಸುದ್ದಿ ಹರಡಿತು. ಅಸರ್ ನಮಾಜಿನ ನಂತರ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ಶತರಂಜ್ ಆಡೋದು ನಮಗ ಸರಿ ಏನಪಾ?" ಎಂದು ಕೇಳಿದರು. ತಳ್ಳಿಹಾಕುವಂಥ ಪ್ರಶ್ನೆಯಲ್ಲ ಅದು. ಈ ಆಟವನ್ನು ಬಹಳಷ್ಟು ವಿದ್ವಾಂಸರು ಒಪ್ಪಿಲ್ಲ. ಪಣವಿಲ್ಲದಿದ್ದರೆ, ನಮಾಜು ತಪ್ಪದಿದ್ದರೆ ಅದು ಹರಾಮ್ ಅಲ್ಲ, ಮಕ್ರೂಹ್ ಮಾತ್ರ ಎಂಬುದು ಶಾಫಿಈ ಪಂಥದ ಪ್ರಸಿದ್ಧ ಅಭಿಪ್ರಾಯ. 2016ರಲ್ಲಿ ಸೌದಿಯ ಅಂದಿನ ಗ್ರ್ಯಾಂಡ್ ಮುಫ್ತಿಯವರು ಇದನ್ನು ವಿರೋಧಿಸಿ ಮಾತನಾಡಿದ್ದು ಸುದ್ದಿಯಾಗಿತ್ತು. 2025ರಲ್ಲಿ ತಾಲಿಬಾನ್ ಆಡಳಿತ ಅಫ್ಘಾನಿಸ್ತಾನದಲ್ಲಿ ಚೆಸ್ಸನ್ನು ನಿಲ್ಲಿಸಿತು. ಇನ್ನೊಂದು ಕಡೆ, ಭಾರತದ ಚತುರಂಗ ಪರ್ಷಿಯಾದ ಮೂಲಕ ಅರಬರಿಗೆ ತಲುಪಿ ಶತರಂಜ್ ಆದಾಗ ಅದರ ಮೇಲೆ ಗ್ರಂಥ ಬರೆದವರು ಅಬ್ಬಾಸಿ ಖಲೀಫರ ಕಾಲದ ಅಲ್ ಅದ್ಲಿ, ಅಸ್ಸೂಲಿಯಂಥವರು. ಇಂಗ್ಲಿಷರ 'ಚೆಕ್‌ಮೇಟ್' ನಮ್ಮ 'ಶಾಹ್ ಮಾತ್'ನಿಂದಲೇ ಹುಟ್ಟಿದ್ದು. ಚೆಸ್ ಒಲಿಂಪಿಯಾಡ್‌ನಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಭೋಪಾಲದ ಬಡಗಿ ಮೊಹಮ್ಮದ್ ರಫೀಕ್ ಖಾನ್. 1980ರಲ್ಲಿ ಮಾಲ್ಟಾದಲ್ಲಿ ಅವರಿಗೆ ವೈಯಕ್ತಿಕ ಬೆಳ್ಳಿ ಬಂತು.

ನಾನು ಮುಫ್ತಿಯಲ್ಲ. ಪಣವಿಲ್ಲ, ನಮಾಜಿನ ಹೊತ್ತು ತಪ್ಪುವುದಿಲ್ಲ ಎಂದಷ್ಟೇ ಹೇಳಿದೆ. ಹಿರಿಯರು ತಲೆಯಾಡಿಸಿದರು. ಆದರೆ ಅವರ ಎರಡನೆಯ ಪ್ರಶ್ನೆ, "ಅದೂ ಹುಡುಗಿಗ್ಯಾಕ?" ಎಂಬುದಿತ್ತಲ್ಲ, ಅದಕ್ಕೆ ಯಾವ ಮಜಹಬಿನ ಆಧಾರವೂ ಬೇಕಿರಲಿಲ್ಲ, ಅದು ನಮ್ಮ ರೂಢಿಯ ಪ್ರಶ್ನೆ. ಅವಳ ಅಣ್ಣ ದಿನಾ ಮೂರು ತಾಸು ಕ್ರಿಕೆಟ್ ಆಡುತ್ತಾನೆ. ಅವನನ್ನು ಯಾರೂ ನಿಲ್ಲಿಸಿ ಕೇಳಿಲ್ಲ. 2024ರಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತದ ಮಹಿಳಾ ತಂಡ ಚಿನ್ನ ಗೆದ್ದಿತು. ಆ ತಂಡದಲ್ಲಿದ್ದ ನಾಗಪುರದ ದಿವ್ಯಾ ದೇಶಮುಖ್ ಮರುವರ್ಷ ಮಹಿಳಾ ವಿಶ್ವಕಪ್ಪನ್ನೂ ಗೆದ್ದಾಗ ಅವಳ ವಯಸ್ಸು 19. ಇದನ್ನು ಹಿರಿಯರಿಗೆ ಹೇಳಿದೆ. ಅವರು ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡು ಹೋದರು.

ಇನ್ನು ಅಂಗಡಿ. ಪಟ್ಟಣದ ಒಂದು ಅಂಗಡಿಯಲ್ಲಿ ಚೆಸ್ಸಿಗೆ ಬೇಕೆಂದ ಕೂಡಲೇ, "ಚೆಸ್ ಅಂದ್ರ ಗೇಮ್ ಅಲ್ಲೇನ್ರೀ? ಗೇಮಿಗೆ ಗ್ರಾಫಿಕ್ಸ್ ಕಾರ್ಡ್ ಬೇಕ್ರೀ" ಎಂದು ಎಪ್ಪತ್ತು ಸಾವಿರದ ಚೀಟಿ ಬರೆದುಕೊಟ್ಟರು. ಬಾಕಿ ದುಡ್ಡಿಗೆ ಕಂತು ಬೇರೆ. ಬಡ್ಡಿ ಎಂದರೆ ಅಣ್ಣ ಮಾರು ದೂರ ಸರಿಯುವವನು. ಹೀಗಾಗಿ ಚದುರಂಗದ ಸಾಫ್ಟ್‌ವೇರಿಗೆ ನಿಜವಾಗಿ ಏನು ಬೇಕು ಎಂಬುದನ್ನು ನಾವೇ ತಿಳಿದುಕೊಳ್ಳಬೇಕಾಯಿತು.

1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್‌ನನ್ನು ಸೋಲಿಸಿದ ಐಬಿಎಂನ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ದೈತ್ಯ ಯಂತ್ರವಾಗಿತ್ತು. ಇಂದು ಸ್ಟಾಕ್‌ಫಿಶ್ ಎಂಬ ಎಂಜಿನ್ ಯಾರಿಗಾದರೂ ಉಚಿತ. 2008ರಲ್ಲಿ ಆರಂಭವಾದ ಅದು ಈಗ ಸಾಧಾರಣ ಕಂಪ್ಯೂಟರಿನಲ್ಲೂ ಯಾವ ಮನುಷ್ಯನಿಗೂ ಸೋಲದಷ್ಟು ಬಲವಾಗಿದೆ. 2020ರಲ್ಲಿ ಅದಕ್ಕೆ ನರಜಾಲದ ತಂತ್ರವನ್ನು ಸೇರಿಸಿದರು. ಅದೂ ಪ್ರೊಸೆಸರಿನ ಮೇಲೆಯೇ ನಡೆಯುತ್ತದೆ, ಗ್ರಾಫಿಕ್ಸ್ ಕಾರ್ಡು ಬೇಡ. ಕಾರ್ಡು ಬೇಡುವುದು ಲೀಲಾದಂಥ ಬೇರೆ ಬಗೆಯ ಎಂಜಿನ್‌ಗಳು.

ಹಾಗಾದರೆ ಬೇಕಾದ್ದು ನಾಲ್ಕು ಕೋರಿನ ಒಂದು ಪ್ರೊಸೆಸರು. ಒಮ್ಮೆ ಲೆಕ್ಕ ಹಾಕಿದ ಸ್ಥಿತಿಗಳನ್ನು ನೆನಪಿಟ್ಟುಕೊಳ್ಳಲು ರ‍್ಯಾಮ್. ಕಲಿಯುವವರಿಗೆ 8 ಜಿಬಿ ಧಾರಾಳ. ಕೊನೆಯಾಟದ ಸಿದ್ಧ ಕೋಷ್ಟಕಗಳಿಗೆ ಡಿಸ್ಕಿನಲ್ಲಿ ಜಾಗ. ಐದು ಕಾಯಿಗಳವರೆಗಿನ ಕೋಷ್ಟಕ ಸುಮಾರು ಒಂದು ಜಿಬಿ, ಆರು ಕಾಯಿಗಳದ್ದು 150 ಜಿಬಿಯ ಹತ್ತಿರ. ನಮಗೆ ಐದು ಕಾಯಿಯದ್ದೇ ಸಾಕು. ಇದಕ್ಕಿಂತ ವೇಗದ ಯಂತ್ರ ತಂದರೂ ಅದು ಹೇಳುವ ನಡೆ ಬಹುತೇಕ ಬದಲಾಗದು. ಬದಲಾದರೂ ಆ ವ್ಯತ್ಯಾಸ ನಮ್ಮ ಹುಡುಗಿಗಿರಲಿ, ಗ್ರ್ಯಾಂಡ್ ಮಾಸ್ಟರಿಗೂ ಸುಲಭಕ್ಕೆ ಎಟಕುವುದಿಲ್ಲ.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಎಂಬುದನ್ನು ನಮ್ಮ ಬೇಸಿಗೆಯೇ ತೀರ್ಮಾನಿಸಿತು. ಎಂಜಿನ್ ಪ್ರೊಸೆಸರಿನ ಎಲ್ಲ ಕೋರುಗಳನ್ನೂ ದುಡಿಸುತ್ತದೆ. ತೆಳು ಲ್ಯಾಪ್‌ಟಾಪ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಡೆಸ್ಕ್‌ಟಾಪಿನಲ್ಲಿ ಗಾಳಿಯಾಡುತ್ತದೆ, ಕೆಟ್ಟರೆ ಭಾಗ ಬದಲಾಯಿಸಬಹುದು. ಕರೆಂಟು ಹೋಗುವುದಕ್ಕೆ ಯುಪಿಎಸ್ ಇದೆ. ಆಫೀಸೊಂದರಲ್ಲಿ ಬಳಸಿ ಬಿಟ್ಟ ಡೆಸ್ಕ್‌ಟಾಪಿಗೆ ಹೊಸ ಎಸ್‌ಎಸ್‌ಡಿ ಹಾಕಿಸಿ, ಮಾನಿಟರು, ಯುಪಿಎಸ್ ಸೇರಿಸಿದರೆ ಇಪ್ಪತ್ನಾಲ್ಕು ಸಾವಿರವಾಯಿತು. ಹನ್ನೊಂದು ಸಾವಿರ ಉಳಿಯಿತು. "ಅದನ್ನ ಮುಟ್ಟಬ್ಯಾಡ್ರಿ ಚಾಚಾ, ಟೂರ್ನಮೆಂಟಿನ ಫೀಸಿಗೆ ಇರಲಿ" ಎಂದಳು ಹುಡುಗಿ. ಆ ಮಾತಿನ ಅರ್ಥ ಅಣ್ಣನಿಗೆ ತಕ್ಷಣ ಹೊಳೆಯಿತು. ಯಂತ್ರ ಮನೆಗೆ ತಂದುಕೊಟ್ಟರೆ ಮುಗಿಯಲಿಲ್ಲ. ಹೊಸಪೇಟೆಗೋ ಹುಬ್ಬಳ್ಳಿಗೋ ಬಸ್ಸು ಹತ್ತಿ ಮಗಳ ಜೊತೆ ಹೋಗಬೇಕು, ಎರಡು ದಿನ ಅಂಗಡಿ ಮುಚ್ಚಬೇಕು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗೂಣು" ಎಂದ.

ಕಂಪ್ಯೂಟರಿನ ಮುಂದೆ ಯಾರು ಯಾವಾಗ ಕೂರಬೇಕೆಂಬ ಜಗಳ ಮೊದಲ ದಿನವೇ ಶುರುವಾಯಿತು. ಅಣ್ಣನ ಮಗನಿಗೆ ಅದರಲ್ಲಿ ಸಿನಿಮಾ ನೋಡುವ ಆಸೆ. ಮಗ್ರಿಬ್‌ನಿಂದ ಇಶಾವರೆಗೆ ಅದು ಹುಡುಗಿಯದ್ದು ಎಂದು ತೀರ್ಮಾನಿಸಿದವರು ಅತ್ತಿಗೆ. ಪಡಸಾಲೆಯಲ್ಲೇ ಇಟ್ಟಿದ್ದರಿಂದ ಬಂದವರೆಲ್ಲ ನೋಡುತ್ತಾರೆ; ಓಣಿಯ ಇನ್ನಿಬ್ಬರು ಹುಡುಗಿಯರು ಈಗ ಕುದುರೆಯ ನಡೆ ಕಲಿಯುತ್ತಿದ್ದಾರೆ.

ಒಂದು ಎಚ್ಚರ ಮಾತ್ರ ಹೇಳಬೇಕು. ಎಂಜಿನ್ ಸರಿಯಾದ ನಡೆಯನ್ನು ತೋರಿಸುತ್ತದೆ, ಅದು ಏಕೆ ಸರಿ ಎಂದು ಹೇಳುವುದಿಲ್ಲ. ಉತ್ತರವನ್ನು ಕಂಠಪಾಠ ಮಾಡಿ ಅರ್ಥ ಬಿಡುವ ಅಭ್ಯಾಸ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಈಗಾಗಲೇ ಸಾಕಷ್ಟಿದೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ನಿಯಮವಿದೆ: ಸೋತ ಆಟವನ್ನು ಮೊದಲು ಮಣೆಯ ಮೇಲೆ ಹರಡಿ, ಎಲ್ಲಿ ಎಡವಿದೆ ಎಂದು ತನಗೆ ತೋಚಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎಂಜಿನ್ ತೆರೆಯುವುದು ಆಮೇಲೆ. ಹುಡುಗಿ ಬರೆದದ್ದಕ್ಕೂ ಯಂತ್ರ ಹೇಳಿದ್ದಕ್ಕೂ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಅವಳ ಕಲಿಕೆ ಇದೆ. ಈ ನೋಟ್‌ಬುಕ್ಕಿಗೆ ನಾವು ಕೊಟ್ಟದ್ದು ಮೂವತ್ತು ರೂಪಾಯಿ. ಮಕ್ಕಳಿಗೆ ಕಂಪ್ಯೂಟರ್ ತರಲು ಹೊರಟ ತಂದೆತಾಯಂದಿರು ಅಂಗಡಿಯ ಚೀಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಲಿ.