ಫಿಶ್ ಟ್ಯಾಂಕಿನ ಬೀಳ್ಕೊಡುಗೆ

ಮಕ್ಕಳು ಹಟ ಹಿಡಿದು ತರಿಸಿದ ಫಿಶ್ ಟ್ಯಾಂಕು ಅವರು ಕಾಲೇಜು ಸೇರುವ ಹೊತ್ತಿಗೆ ಹಿರಿಯರ ಪಾಲಿಗೆ ಉಳಿಯುತ್ತದೆ. ನಮ್ಮ ದೊಡ್ಡಬಳ್ಳಾಪುರದಲ್ಲಿ ಗುಜರಿಯವರು ಕಬ್ಬಿಣದ ಸ್ಟ್ಯಾಂಡನ್ನು ತೂಕಕ್ಕೆ ಹಾಕಿಕೊಂಡು ಗಾಜನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಹಿತ್ತಲಿಗೆ ಹಾಕಿದರೆ ಒಂದೇ ಮಳೆಗೆ ನೀರು ನಿಂತು, ವಾರ ಹತ್ತು ದಿನದಲ್ಲಿ ಡೆಂಗಿ ಸೊಳ್ಳೆ ಅಲ್ಲಿಂದಲೇ ಹಾರುತ್ತದೆ.

ಗಾಜಿನ ಮಾತು ಆಮೇಲೆ; ಮೊದಲು ಒಳಗಿನ ಜೀವಗಳದ್ದು. 'ಪಾಪ, ಕೆರೆಗೆ ಬಿಟ್ಟುಬಿಡಿ, ಬದುಕಿಕೊಳ್ಳಲಿ' ಎಂದು ಕರುಣೆಯಿಂದಲೇ ಹೇಳುತ್ತಾರೆ. ಆದರೆ ಗಾಜಿಗೆ ಬಾಯಿ ಕಚ್ಚಿಸಿ ಪಾಚಿ ತಿನ್ನುವ ಸಕ್ಕರ್ ಮೀನನ್ನು ಹತ್ತಿರದಿಂದ ನೋಡಿ. ದಕ್ಷಿಣ ಅಮೆರಿಕದ ಈ ಮೀನಿನ ಮೈತುಂಬ ಮೂಳೆಯ ಫಲಕ, ರೆಕ್ಕೆಯಲ್ಲಿ ಗಡುಸು ಮುಳ್ಳು. ನುಂಗಬಂದದ್ದರ ಗಂಟಲಿಗೇ ಅಪಾಯ. ಟ್ಯಾಂಕಿನಲ್ಲಿ ಗೇಣುದ್ದವಿದ್ದದ್ದು ಕೆರೆಯಲ್ಲಿ ಮೊಳದುದ್ದ ಬೆಳೆಯಬಲ್ಲದು. ಮೊಟ್ಟೆಯಿಡಲು ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ. ಮಣ್ಣಿನ ಏರಿಯನ್ನೇ ನಂಬಿ ನಿಂತ ನಮ್ಮ ಕೆರೆಗಳಿಗೆ ಇಂಥ ನೆಂಟ ಬೇಡವೇ ಬೇಡ.

ಬಿಟ್ಟದ್ದು ಬಿಟ್ಟಲ್ಲೇ ಇರುವುದೂ ಇಲ್ಲ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮೂರಿನ ಕೆರೆಗಳನ್ನು ತುಂಬಿಸಿ, ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟ 1894ರ ಹೆಸರಘಟ್ಟ ಕೆರೆಗೂ, ಮುಂದೆ ತಿಪ್ಪಗೊಂಡನಹಳ್ಳಿಗೂ ಇಳಿದು, ಸಂಗಮದಲ್ಲಿ ಕಾವೇರಿ ಸೇರುತ್ತದೆ. ಹೊಸಕೋಟೆಯ ನೀರು ದಕ್ಷಿಣ ಪಿನಾಕಿನಿ ಹಿಡಿದು ತಮಿಳುನಾಡಿಗೆ ಹೋಗುತ್ತದೆ. ಕೋಡಿ ಬಿದ್ದ ವರ್ಷ ಮೀನಿಗೆ ಆ ದಾರಿಯೆಲ್ಲ ತೆರೆದಂತೆಯೇ. ಹಾಗಾಗಿ ಮೀನನ್ನು ಮಾರಿದ ಅಂಗಡಿಗೋ ಸಾಕುವ ಆಸೆಯಿರುವವರಿಗೋ ಕೊಡಬೇಕು. ಉಪ್ಪು, ಔಷಧಿ ಬೆರೆಸದ ನೀರಾದರೆ ಗಿಡದ ಬುಡಕ್ಕೆ ಹಾಕಿ. ಅದರಲ್ಲಿ ಗೊಬ್ಬರದ ಸತ್ವವಿದೆ.

ಈಗ ಗಾಜು. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು ಸುಮಾರು 127 ಲೀಟರ್ ಹಿಡಿಯುತ್ತದೆ. ಅರ್ಧ ನೀರಿದ್ದಾಗ ಎತ್ತಿದರೂ ಸಿಲಿಕೋನ್ ಅಂಟು ಬಿಟ್ಟುಕೊಳ್ಳಬಹುದು. ಪೂರ್ತಿ ಬರಿದು ಮಾಡಿ, ಇಬ್ಬರು ತಳಕ್ಕೆ ಕೈಕೊಟ್ಟು ಎತ್ತಬೇಕು. ಬಿರುಕಿಲ್ಲದ ಟ್ಯಾಂಕನ್ನು ಹಳ್ಳಿಯ ಸರ್ಕಾರಿ ಶಾಲೆಗೆ ಕೊಟ್ಟರೆ ಚೆನ್ನ. ಅಡಿಗೆ ಜಲ್ಲಿ, ಮೇಲೆ ಕೆಮ್ಮಣ್ಣು ತುಂಬಿ, ಗಾಜಿನ ಅಂಚಿಗೇ ಅವರೆಕಾಳು ಊರಿ, ಹೊರಗಿನಿಂದ ಕಪ್ಪು ಬಟ್ಟೆ ಮುಚ್ಚಲಿ. ನಾಲ್ಕು ದಿನ ಬಿಟ್ಟು ಬಟ್ಟೆ ಸರಿಸಿದರೆ, ಮಣ್ಣೊಳಗೆ ಬಿಳಿಯ ಬೇರು ಇಳಿಯುವುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಒಡೆದ ಟ್ಯಾಂಕಾದರೆ ಚೂರುಗಳನ್ನು ಗೋಣಿಚೀಲದಲ್ಲಿ ಬಿಗಿಯಾಗಿ ಸುತ್ತಿ, ಮೇಲೆ 'ಗಾಜು' ಎಂದು ಬರೆದು, ಕಸದ ಗಾಡಿ ಬಂದಾಗ ಪೌರಕಾರ್ಮಿಕರಿಗೆ ಬಾಯಿಬಿಟ್ಟು ಹೇಳಿಯೇ ಕೊಡಬೇಕು. ನಮ್ಮ ಮನೆ ಹಗುರಾಗಲೆಂದು ಅವರ ಅಂಗೈ ಸೀಳಬಾರದು.