ಕಂಬಿಯಚ್ಚಿನ ಆಯ್ಕೆ

ಉತ್ತರ ಹಿಂದುಸ್ತಾನದಲ್ಲಿ ‘ಜಂತ್ರಿ’ ಎಂದರೆ ಪಂಚಾಂಗ. ಹಿಂದಿ ಮಾತನಾಡುವ ಅಕ್ಕಸಾಲಿಗರ ಬಾಯಲ್ಲಿ ಅದೇ ಮಾತಿಗೆ ಇನ್ನೊಂದು ಅರ್ಥವುಂಟು: ಸಾಲುಸಾಲಾಗಿ ರಂಧ್ರಗಳಿರುವ ಉಕ್ಕಿನ ತಟ್ಟೆ. ಚಿನ್ನ ಬೆಳ್ಳಿಯ ಕಡ್ಡಿಯನ್ನು ಈ ರಂಧ್ರಗಳಲ್ಲಿ ಒಂದಾದ ಮೇಲೊಂದರಂತೆ ತೂರಿಸಿ ಎಳೆದರೆ ತಂತಿಯಾಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಕಂಬಿಯಚ್ಚು ಎನ್ನುತ್ತಿದ್ದರು. ಅವಸರದಲ್ಲಿ ಬರಿಯ ಅಚ್ಚು. ಪಂಚಾಂಗದ ಜಂತ್ರಿಯನ್ನು ನೋಡಿ ಮದುವೆಯ ಮುಹೂರ್ತ ಗೊತ್ತುಮಾಡುವವರು ಬಹಳ ಮಂದಿ. ಈ ಇನ್ನೊಂದು ಜಂತ್ರಿಯಿಲ್ಲದೆ ಆ ಮದುವೆಗೆ ಸರವಿಲ್ಲ, ಓಲೆಯ ಕೊಂಡಿಯಿಲ್ಲ, ಕರಿಮಣಿ ಪೋಣಿಸುವ ಎಳೆಯೂ ಇಲ್ಲವೆಂದು ನೆನೆಯುವವರು ಕಡಮೆ.

ಈಚೆಗೆ ನನ್ನ ತಮ್ಮನ ಮಗಳಿಗೆ ಇಂಥದೊಂದು ಅಚ್ಚು ಬೇಕಾಯಿತು. ಹುಡುಗಿ ಒಡವೆಗಳ ವಿನ್ಯಾಸ ಕಲಿತವಳು. ಮೂರು ವರ್ಷ ಒಂದು ಕಂಪನಿಯಲ್ಲಿ ಕುಳಿತು ಕಂಪ್ಯೂಟರಿನ ಪರದೆಯ ಮೇಲೆ ಬಳೆ ಜುಮುಕಿಗಳನ್ನು ಬರೆದಳು. ಬರೆದದ್ದು ಸಾಕು, ಇನ್ನು ಕೈಯಿಂದ ಮಾಡಬೇಕು ಎಂದು ಕೆಲಸ ಬಿಟ್ಟು, ಕೂಡಿಟ್ಟ ಹಣದಲ್ಲಿ ಬೆಳ್ಳಿಯ ಕೆಲಸಕ್ಕೆ ಬೇಕಾದ ಉಪಕರಣಗಳನ್ನು ಕೊಳ್ಳಹೊರಟಳು. ನನ್ನ ತಮ್ಮನಿಗೆ ಇದು ಹಿಡಿಸಲಿಲ್ಲ. “ಅಪ್ಪ ಕಣ್ಣೀರು ಹಾಕಿ ಬಿಟ್ಟ ಕಸಬು ಅದು. ಈಕಿ ನಕ್ಕೋತ ಹಿಡೀತಾಳಂತ!” ಎಂದ.

ಅವನ ಮಾತು ಸುಳ್ಳಲ್ಲ. ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ನಮ್ಮದು ಪತ್ತಾರರ ಮನೆ. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣದ ನಿಯಮಗಳು ಬಂದವು. 14 ಕ್ಯಾರೆಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಹೊಸ ಒಡವೆ ಮಾಡಕೂಡದೆಂದಾಯಿತು. 22 ಕ್ಯಾರೆಟ್ ಎಂದರೆ ನೂರಕ್ಕೆ ತೊಂಬತ್ತೊಂದಕ್ಕೂ ಮೇಲ್ಪಟ್ಟು ಚಿನ್ನ. 14 ಎಂದರೆ ಐವತ್ತೆಂಟಕ್ಕೆ ತುಸು ಮೇಲೆ. ಅಂಥದರಲ್ಲಿ ಮಗಳಿಗೆ ಒಡವೆ ಮಾಡಿಸುವ ತಾಯಿ ನಮ್ಮೂರಿನಲ್ಲಿ ಒಬ್ಬಳೂ ಇರಲಿಲ್ಲ. ದೇಶದ ಉದ್ದಗಲಕ್ಕೂ ಅಕ್ಕಸಾಲಿಗರು ಕೆಲಸವಿಲ್ಲದೆ ಕುಳಿತರು. 14 ಕ್ಯಾರೆಟ್ಟಿನ ಕಟ್ಟು 1966ರಲ್ಲಿ ಸಡಿಲವಾಯಿತು. 1968ರಲ್ಲಿ ಬಂದ ನಿಯಂತ್ರಣದ ಕಾಯದೆ 1990ರಲ್ಲಿ ರದ್ದಾಯಿತು. ಅಷ್ಟರಲ್ಲಿ ನಮ್ಮ ತಂದೆ ಮುಂಬಯಿಯ ಗಿರಣಿಯೊಂದಕ್ಕೆ ಸೇರಿ, ನಿವೃತ್ತರಾಗಿ, ತೀರಿಕೊಂಡೂ ಆಗಿತ್ತು. ಅವರ ಅಚ್ಚು ಮಾತ್ರ ಎಣ್ಣೆಬಟ್ಟೆ ಸುತ್ತಿಕೊಂಡು ಟ್ರಂಕಿನಲ್ಲಿ ಉಳಿಯಿತು. ಆಯುಧಪೂಜೆಯ ದಿನ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಂಡು ಮತ್ತೆ ಒಳಗೆ ಹೋಗುವುದು.

ನಾನು ಚಿಕ್ಕಂದಿನಲ್ಲಿ ತಂದೆಯ ಎದುರು ನಿಂತು ತಂತಿ ಎಳೆದವನು. ಮುಂದೆ ಕಾರಖಾನೆಯ ಟೂಲ್‌ರೂಮಿನಲ್ಲಿ ಮೂವತ್ತು ವರ್ಷ ದುಡಿದವನು. ಆದ್ದರಿಂದ “ಯಾವುದು ತಗೊಳ್ಳಲಿ ದೊಡ್ಡಪ್ಪಾ?” ಎಂಬ ಪ್ರಶ್ನೆ ನನ್ನ ಪಾಲಿಗೆ ಬಂತು.

ಅಚ್ಚನ್ನು ಆರಿಸುವ ಮೊದಲು ಅಂಗಡಿಯವನನ್ನಲ್ಲ, ಮಾಡಬೇಕಾದ ಒಡವೆಯನ್ನು ಕೇಳಬೇಕು. ಓಲೆಯ ಕೊಂಡಿಗೆ ಮಿಲಿಮೀಟರಿಗಿಂತ ತುಸು ಸಣ್ಣ ತಂತಿ ಸಾಕು. ಉಂಗುರಕ್ಕೆ ಅದಕ್ಕಿಂತ ದಪ್ಪನೆಯದು ಬೇಕು. ಕಟಕ, ಕರೀಂನಗರಗಳ ಬೆಳ್ಳಿಯ ಜಾಲದ ಕೆಲಸಕ್ಕೆ ಬೇಕಾದ ಎಳೆ ಬಹಳ ಸಣ್ಣದು. ನಮ್ಮ ಬೀದರಿನ ಬಿದರಿ ಕೆಲಸದಲ್ಲಿ ಕಪ್ಪು ಲೋಹದೊಳಕ್ಕೆ ಕೂರಿಸುವುದೂ ಬೆಳ್ಳಿಯ ತಂತಿಯನ್ನೇ. ಎಲ್ಲವೂ ಒಂದೇ ತಟ್ಟೆಯಲ್ಲಿರಲಿ ಎಂದು ಆಸೆಪಡುವುದಕ್ಕಿಂತ ದಪ್ಪ ತಂತಿಗೊಂದು, ಸಣ್ಣದಕ್ಕೊಂದು ಕೊಳ್ಳುವುದು ಲೇಸು. ಮೊದಲನೆಯದರ ಕೊನೆಯ ರಂಧ್ರಗಳೂ ಎರಡನೆಯದರ ಮೊದಲ ರಂಧ್ರಗಳೂ ಒಂದರ ಮೇಲೊಂದು ಬರುವಂತಿದ್ದರೆ ನಡುವೆ ಕಂದಕ ಬೀಳುವುದಿಲ್ಲ.

ಈ ಕಂದಕದ ಮಾತು ಮುಖ್ಯವಾದುದು. ಎಳೆಯುವಾಗ ಬೆಳ್ಳಿ ಎಲ್ಲಿಗೂ ಹೋಗುವುದಿಲ್ಲ. ದಪ್ಪ ಅರ್ಧವಾದರೆ ಉದ್ದ ನಾಲ್ಕು ಪಟ್ಟಾಗುತ್ತದೆ. ಬ್ರಿಟಿಷ್ ಗೇಜಿನಲ್ಲಿ 20ನೆಯ ನಂಬರಿನ ತಂತಿಯ ವ್ಯಾಸ 0.914 ಮಿ.ಮೀ., 26ನೆಯದರದು 0.457. ಒಂದು ಗೇಣು ಅದು, ನಾಲ್ಕು ಗೇಣು ಇದಾಗುತ್ತದೆ. ಆದರೆ ಒಂದೇ ಎಳೆತಕ್ಕೆ ಆಗುವುದಿಲ್ಲ. ಒಂದೊಂದು ರಂಧ್ರವೂ ವ್ಯಾಸದಲ್ಲಿ ಹತ್ತರಲ್ಲೊಂದು ಪಾಲು ಕಡಮೆ ಮಾಡುವುದಾದರೆ ಏಳು ರಂಧ್ರಗಳನ್ನು ದಾಟಬೇಕು. ನಡುವೆ ಕಾಸಿ ಮೆದುಮಾಡಲೂ ಬೇಕು. ಏಕೆಂದರೆ ಎಳೆದಂತೆಲ್ಲ ಲೋಹ ಬಿರುಸಾಗುತ್ತದೆ. ಜಿಗಿತ ದೊಡ್ಡದಾದರೆ ತಂತಿ ಹರಿಯುತ್ತದೆ. ಗೇಜಿನ ನಂಬರನ್ನೂ ನಂಬಿ ಕೂರಬಾರದು: ಅಮೆರಿಕದ 20 ಬೇರೆ, ಬ್ರಿಟಿಷರ 20 ಬೇರೆ. ಮಿಲಿಮೀಟರಿನಲ್ಲಿ ಕೇಳುವುದೇ ಸರಿ.

ಇನ್ನು ಪರೀಕ್ಷೆ. ರಂಧ್ರವು ಹಿಂದೆ ಅಗಲ, ಮುಂದೆ ಕಿರಿದು, ಆಳಿಕೆಯ ಹಾಗೆ. ಅಗಲವಾದ ಕಡೆಯಿಂದ ತಂತಿಯನ್ನು ತೂರಿಸಿ, ಕಿರಿದಾದ ಕಡೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಬೇಕು. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ರಂಧ್ರದ ಒಳಮೈ ಕನ್ನಡಿಯಂತೆ ಹೊಳೆಯಬೇಕು. ಅಲ್ಲೊಂದು ಗೀರಿದ್ದರೆ ತಂತಿಯ ಉದ್ದಕ್ಕೂ ಅದೇ ಗೀರು. ಹದವಾದ ಉಕ್ಕಿನ ತಟ್ಟೆ ಅಗ್ಗ. ಆದರೆ ಸವೆಯುತ್ತದೆ, ಎಣ್ಣೆ ಕಾಣಿಸದಿದ್ದರೆ ತುಕ್ಕು ಹಿಡಿಯುತ್ತದೆ. ಟಂಗ್‌ಸ್ಟನ್ ಕಾರ್ಬೈಡಿನ ಬಿಲ್ಲೆಗಳನ್ನು ಕೂರಿಸಿದ ತಟ್ಟೆ ದುಬಾರಿ, ಬಹುಕಾಲ ನುಣುಪಾಗಿರುತ್ತದೆ. ಆದರೆ ಕೈಜಾರಿ ನೆಲಕ್ಕೆ ಬಿದ್ದರೆ ಬಿಲ್ಲೆ ಬಿರಿಯುವ ಭಯವುಂಟು.

ಹುಡುಗಿ ಎಲ್ಲವನ್ನೂ ಕೇಳಿ, “ಅಜ್ಜಂದು ಇದ್ದೇ ಇದೆಯಲ್ಲ?” ಎಂದಳು. ಪೂಜೆ ಮಾಡುವ ವಸ್ತುವನ್ನು ಪರೀಕ್ಷೆ ಮಾಡುವುದು ಕಷ್ಟದ ಕೆಲಸ. ಆದರೂ ಟ್ರಂಕು ತೆರೆದೆವು. ತಾಮ್ರದ ತಂತಿಯನ್ನು ಕಾಸಿ, ತುದಿಯನ್ನು ಅರದಿಂದ ಉಜ್ಜಿ ಚೂಪುಮಾಡಿ, ಜೇನುಮೇಣ ಸವರಿ ಒಂದೊಂದು ರಂಧ್ರದಲ್ಲೂ ಎಳೆದು ಮೈಕ್ರೋಮೀಟರಿನಿಂದ ಅಳೆದೆ. ನಡುವಿನ ಸಾಲಿನ ರಂಧ್ರಗಳು ಸವೆದು ಅಂಡಾಕಾರವಾಗಿದ್ದವು. ತಂತಿಯನ್ನು ಎರಡು ದಿಕ್ಕಿನಲ್ಲಿ ಅಳೆದರೆ ಎರಡು ಅಳತೆ. ಊರಿನ ಎಷ್ಟು ಮದುವೆಗಳ ಸರ ಅವುಗಳ ಮೂಲಕ ಹಾದುಹೋಗಿದ್ದವೋ! ಕೊನೆಯ ಸಾಲಿನ ಅರೆದುಂಡಗಿನ ರಂಧ್ರಗಳು ಮಾತ್ರ ಹೊಸದರಂತೆ ಇದ್ದವು.

ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮಗಳು ಇಕ್ಕಳ ಹಿಡಿದು ಓರೆಯಾಗಿ ಜಗ್ಗಿದಾಗ ಅವನಿಗೆ ತಡೆಯಲಾಗಲಿಲ್ಲ. “ಹಂಗಲ್ಲವಾ, ನೆಟ್ಟಗ ಎಳಿ. ಓರೆ ಎಳದ್ರ ತಂತಿ ಸುರುಳಿ ಬೀಳ್ತದ” ಎಂದು ಒಳಗೆ ಬಂದು, ಅವಳ ಕೈಯಿಂದ ಇಕ್ಕಳ ತೆಗೆದುಕೊಂಡು, ಒಂದು ಕಾಲು ಹಿಂದಿಟ್ಟು ಎಳೆದ. ತಂದೆ ನಿಲ್ಲುತ್ತಿದ್ದುದೂ ಹಾಗೆಯೇ. ಅರವತ್ತು ವರ್ಷ ಅವನು ಆ ಕೆಲಸವನ್ನು ಮಾಡಿರಲಿಲ್ಲ. ಆಮೇಲೆ, “ಒಂದು ವರ್ಷ ನೋಡೋಣು” ಎಂದಷ್ಟೇ ಹೇಳಿ ಹೊರಟುಹೋದ. ಅದು ಒಪ್ಪಿಗೆಯೆಂದು ನಾವಿಬ್ಬರೂ ತಿಳಿದುಕೊಂಡೆವು.

ಜವೇರಿ ಬಜಾರಿನ ಹತ್ತಿರದ ಅಂಗಡಿಯಲ್ಲಿ ದುಂಡು ತಂತಿಗಾಗಿ ಕಾರ್ಬೈಡಿನ ತಟ್ಟೆಯೊಂದನ್ನು ಕೊಂಡೆವು. ಸಣ್ಣ ಎಳೆಯ ತಟ್ಟೆ ಮೊದಲ ಸಂಪಾದನೆಯಲ್ಲಿ ಬರಲಿ ಎಂದಳು. ಉಂಗುರದ ಅರೆದುಂಡು ತಂತಿಗೆ ಅಜ್ಜನ ಅಚ್ಚೇ ಆಯಿತು. ಅವಳ ಕಸುಬು ನಡೆಯುವುದೋ ಇಲ್ಲವೋ ಹೇಳಲಾರೆ. ಇಂದು ಕಾಯದೆಯ ಕಾಟವಿಲ್ಲ, ಆದರೆ ಯಂತ್ರದ ಸರಗಳ ಪೈಪೋಟಿಯಿದೆ. ತಿಂಗಳ ಖರ್ಚಿಗೆ ಅವಳು ವಾರಕ್ಕೆರಡು ದಿನ ಹಳೆಯ ಚಿತ್ರದ ಕೆಲಸವನ್ನೂ ಇಟ್ಟುಕೊಂಡಿದ್ದಾಳೆ.

ನಮ್ಮ ಸಂಘದ ಬಂಧುಗಳಲ್ಲಿ ಕಸುಬಿನ ಮನೆತನದವರು ಅನೇಕರಿದ್ದಾರೆ. ಹಿರಿಯರ ಇಂಥ ತಟ್ಟೆಯೊಂದು ಅಟ್ಟದ ಮೇಲಿದ್ದರೆ ಹಳೆ ಕಬ್ಬಿಣದವನಿಗೆ ತೂಗಿ ಕೊಡುವ ಮೊದಲು ಎಣ್ಣೆ ಹಚ್ಚಿ ಒರಸಿ, ಬೆಳಕಿಗೆ ಹಿಡಿದು, ಒಂದು ತಾಮ್ರದ ತಂತಿಯನ್ನು ಎಳೆದು ನೋಡಿರಿ. ಎಲ್ಲ ರಂಧ್ರಗಳೂ ಸವೆದಿರಲಾರವು.