ಗುಡ್ಡದ ಭೂತ, ಹೊಳೆಯ ಭೂತ

ಸದಾನಂದ ಸುವರ್ಣರು 2024ರ ಜುಲೈ ತಿಂಗಳಲ್ಲಿ ತೀರಿಕೊಂಡ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅವರು ನಿರ್ಮಿಸಿದ ‘ಘಟಶ್ರಾದ್ಧ’ ಚಿತ್ರವಲ್ಲ. 1990ರ ದಶಕದ ಆರಂಭದಲ್ಲಿ ದೂರದರ್ಶನಕ್ಕಾಗಿ ಅವರು ನಿರ್ದೇಶಿಸಿದ ‘ಗುಡ್ಡದ ಭೂತ’.

ತಿಂಥಣಿಯ ನನ್ನ ಹಳೆಯ ವಿದ್ಯಾರ್ಥಿಗಳಿಗೂ ಅದು ನೆನಪಿರಬಹುದು. ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಒತ್ತೊತ್ತಾಗಿ ಕುಳಿತು ನೋಡುತ್ತಿದ್ದೆವು. ತುಳುನಾಡಿನ ಆ ಹಸಿರು ನಮ್ಮ ಬಿಸಿಲುನಾಡಿಗೆ ಹೊಸದು. ಮುಂದೆ ಪ್ರಕಾಶ್ ರಾಜ್ ಎಂದು ಹೆಸರಾದ ಪ್ರಕಾಶ್ ರೈ ಆಗಿನ್ನೂ ಹೊಸ ಮುಖ. ಗುಡ್ಡದಲ್ಲಿರುವುದು ಭೂತವೋ, ಮನುಷ್ಯರ ಸಂಚೋ ಎಂಬ ಅನುಮಾನ ವಾರವಿಡೀ ಕಾಡುತ್ತಿತ್ತು.

ಹೀಗಿರಲು ಒಂದು ದಿನ ತರಗತಿಯಲ್ಲಿ ಹುಡುಗನೊಬ್ಬ ಎದ್ದು ನಿಂತ: “ಸರ್, ಗುಡ್ಡದ ಭೂತ ಮನುಷ್ಯರ ಸಂಚಾದರೆ, ನಮ್ಮ ಹೊಳೀ ಭೂತ ಯಾರ ಸಂಚ್ರೀ?”

ನಾನು ತಬ್ಬಿಬ್ಬಾದೆ. ಮಕ್ಕಳು ಕೃಷ್ಣೆಗೆ ಇಳಿಯದಿರಲೆಂದು ಆ ಭೂತವನ್ನು ಸೃಷ್ಟಿಸಿದವನು ನಾನೇ! ಅಂದು ತಪ್ಪೊಪ್ಪಿಕೊಂಡು, ಹೊಳೆಯ ಸುಳಿ, ಮಡು, ಮೊಸಳೆಗಳ ನಿಜವಾದ ಅಪಾಯವನ್ನು ತಿಳಿಸಿದೆ. ಆಮೇಲೆಯೂ ಯಾರೂ ನೀರಿಗಿಳಿಯಲಿಲ್ಲ. ನಿಜ ಹೇಳಿದರೂ ಮಕ್ಕಳು ಕೇಳುತ್ತಾರೆಂದು ನಾನು ಕಲಿತದ್ದು ಅಂದೇ.

ಹದಿಮೂರು ಕಂತುಗಳ ಧಾರಾವಾಹಿಗಳ ಕಾಲವದು. ‘ಗುಡ್ಡದ ಭೂತ’ವೂ ಬೇಗನೆ ಮುಗಿಯಿತು, ಇನ್ನಷ್ಟು ದಿನ ಬರಬಾರದಿತ್ತೇ ಎಂದು ಹಳಹಳಿಸಿದೆವು. ಸಾವಿರ ಕಂತು ದಾಟುವ ಇಂದಿನ ಧಾರಾವಾಹಿಗಳ ನಡುವೆ ಅದನ್ನು ನೆನೆಯುವವರು ಕಡಿಮೆ. ಆದರೆ ಆ ಹುಡುಗನ ಪ್ರಶ್ನೆ ನನ್ನಲ್ಲಿ ಇನ್ನೂ ಮುಗಿದಿಲ್ಲ. ಯಾರಾದರೂ ನಿಮ್ಮನ್ನು ಹೆದರಿಸಿದರೆ ನೀವೂ ಅದನ್ನೇ ಕೇಳಿ, ಹೆದರಿಸುವವರು ನಿಮ್ಮ ಮೇಷ್ಟರೇ ಆಗಿದ್ದರೂ ಸರಿ.